ಒಪ್ಪೋಲೆಗೆ ಬಾರದ ತಪ್ಪುಗಳು

ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಕಿರಿಯ ಗೆಳೆಯರಿಗೆ,

ನೀವು ನನ್ನನ್ನು ನೋಡಿರುತ್ತೀರಿ. ಕೆಳಗೆ ಪತ್ರಿಕೆಗಳ ಮೇಜಿನ ಬಳಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಫ್ಯಾನು ಜೋರಾದರೆ ಗೊಣಗುವ ಮುದುಕ ನಾನೇ. 32 ವರ್ಷ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದೆ. ಕಂಪ್ಯೂಟರ್ ಬಂದ ಮೇಲೆ ಕೆಲವು ವರ್ಷ ಪ್ರೂಫ್ ನೋಡಿದೆ. ಈಗ ಅಂಗಡಿಗಳ ಬೋರ್ಡಿನಲ್ಲಿರುವ ಕಾಗುಣಿತದ ತಪ್ಪು ಓದಿಕೊಂಡು ಊರು ಸುತ್ತುತ್ತೇನೆ.

ಕಳೆದ ತಿಂಗಳು ಮೇಲಕ್ಕೆ ಬಂದಾಗ ಗೋಡೆಯ ಮೇಲೆ ನಿಮ್ಮ ಚಾರ್ಟು ಕಂಡಿತು. ಬೆಂಜಮಿನ್ ಫ್ರಾಂಕ್ಲಿನ್ನನ 13 ಗುಣಗಳು ಎಡಗಡೆ, ವಾರದ ಏಳು ದಿನ ಮೇಲುಗಡೆ, ತಪ್ಪಿದ ದಿನಕ್ಕೊಂದು ಕಪ್ಪು ಚುಕ್ಕೆ. ಯಾರದೋ ಹಾಳೆಯಲ್ಲಿ ‘ಮೌನ’ದ ಸಾಲು ಪೂರ್ತಿ ಕಪ್ಪಾಗಿತ್ತು. (ಯಾರದೆಂದು ಕೇಳುವುದಿಲ್ಲ. ಮಹಡಿಯ ಮಾತು ಕೆಳಗೂ ಕೇಳಿಸುತ್ತದೆ.) ಅವನ ಆತ್ಮಕಥೆ ಓದಿದಿರಾ ಎಂದೆ. ಇಲ್ಲ, ವಿಡಿಯೊ ನೋಡಿದೆವು ಎಂದಿರಿ. ಓದಿ ಎಂದೆ. ಆಗ ಕೆಎಎಸ್‌ಗೆ ಓದುತ್ತಿರುವ ಹುಡುಗಿಯೊಬ್ಬಳು, “ಪೂರ್ತಿ ಓದಿದರೆ ಅವರ ಮೇಲಿನ ಗೌರವ ಕಡಿಮೆ ಆಗತ್ತಾ ಸಾರ್?” ಎಂದು ಕೇಳಿದಳು. ಅಲ್ಲಿ ನಿಂತು ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕವನ್ನು ಇನ್ನೊಮ್ಮೆ ತೆಗೆದೆ. ಇಂಥ ಚಾರ್ಟು ಬೇರೆ ಊರಿನ ಗೋಡೆಗಳ ಮೇಲೂ ಇದ್ದೀತು ಎನ್ನಿಸಿ ಈ ಕಾಗದವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಫ್ರಾಂಕ್ಲಿನ್‌ನನ್ನು ನಾನು ಏಕವಚನದಲ್ಲೇ ಕರೆಯುವವನು. ಅವನು ನನ್ನ ಕಸುಬಿನವನು. ರಾಯಭಾರಿಯಾಗಿ, ಪೆನ್ಸಿಲ್ವೇನಿಯದ ಅಧ್ಯಕ್ಷನಾದ ಮೇಲೂ ತನ್ನ ಉಯಿಲಿನಲ್ಲಿ ಹೆಸರಿನ ಪಕ್ಕ ಮೊದಲು ಬರೆದುಕೊಂಡದ್ದು ಮುದ್ರಕ ಎಂದು. ಉಳಿದ ಪದವಿಗಳೆಲ್ಲ ಆಮೇಲೆ.

ಆ ಪುಸ್ತಕ ಒಂದೇ ಕೂತಿನಲ್ಲಿ ಬರೆದದ್ದಲ್ಲ. ಮೊದಲ ಭಾಗ 1771ರಲ್ಲಿ, ಇಂಗ್ಲೆಂಡಿನ ಟ್ವೈಫರ್ಡ್‌ನಲ್ಲಿ ಬಿಷಪ್ ಜೊನಾಥನ್ ಶಿಪ್ಲಿಯ ಮನೆಯಲ್ಲಿ ಅತಿಥಿಯಾಗಿದ್ದಾಗ, ಮಗನಿಗೆ ಬರೆಯುವ ಕಾಗದದ ಧಾಟಿಯಲ್ಲಿ ಬರೆದದ್ದು. ಎರಡನೆಯದು 13 ವರ್ಷ ಬಿಟ್ಟು, 1784ರಲ್ಲಿ, ಪ್ಯಾರಿಸ್ ಪಕ್ಕದ ಪಾಸ್ಸಿಯಲ್ಲಿ. ಮೂರನೆಯದು 1788ರಲ್ಲಿ, ಫಿಲಡೆಲ್ಫಿಯದಲ್ಲಿ. ಕೊನೆಯ ಕೆಲವು ಪುಟ ಹಾಸಿಗೆ ಹಿಡಿದ ಮೇಲೆ. 1790ರ ಏಪ್ರಿಲ್ 17ರಂದು ತೀರಿಕೊಂಡ. ಅಷ್ಟು ಹೊತ್ತಿಗೆ ಕಥೆ ಇನ್ನೂ 1757ರ ಆಸುಪಾಸಿನಲ್ಲೇ ಇತ್ತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕಥೆಯಾಗಲಿ, ಫ್ರಾನ್ಸಿನ ರಾಯಭಾರದ ಕಥೆಯಾಗಲಿ ಅದರಲ್ಲಿಲ್ಲ. ನೀವೆಲ್ಲ ಪಠ್ಯಪುಸ್ತಕದಲ್ಲಿ ನೋಡಿದ ಗಾಳಿಪಟ ಒಂದು ವಾಕ್ಯದ ನಡುವೆ ಹಾರಿ ಮರೆಯಾಗುತ್ತದೆ.

ನಿಮ್ಮ ಚಾರ್ಟು ಬರುವುದು ಎರಡನೇ ಭಾಗದಲ್ಲಿ. ಇಪ್ಪತ್ತರ ಹರೆಯದಲ್ಲಿ ಮಾಡಿದ್ದನ್ನು 78 ದಾಟಿದವನು ನೆನೆಸಿಕೊಂಡು ಹೇಳುತ್ತಿದ್ದಾನೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಸುಬಿನ ವಿಷಯ. ತನ್ನ ಬಾಳಿನ ತಪ್ಪುಗಳನ್ನು ಫ್ರಾಂಕ್ಲಿನ್ ಪಾಪ ಎನ್ನುವುದಿಲ್ಲ, ಅಪರಾಧ ಎನ್ನುವುದಿಲ್ಲ. ಅಚ್ಚುಕೂಟದ ಮಾತೊಂದನ್ನು ಬಳಸುತ್ತಾನೆ: ಎರಾಟಾ. ಪುಸ್ತಕದ ಕೊನೆಗೆ ಇಂಥ ಪುಟ, ಇಂಥ ಸಾಲು, ತಪ್ಪು ಇದು, ಒಪ್ಪು ಇದು ಎಂದು ಹಾಕುತ್ತಾರಲ್ಲ, ನಾವು ಒಪ್ಪೋಲೆ ಎನ್ನುವುದು, ಅದೇ. ಬದುಕನ್ನು ಮತ್ತೆ ಮೊದಲಿಂದ ಬದುಕಲು ಕೊಟ್ಟರೆ ಒಪ್ಪಿಕೊಂಡೇನು, ಎರಡನೇ ಮುದ್ರಣದಲ್ಲಿ ಲೇಖಕರಿಗೆ ಸಿಗುವಂತೆ ತಿದ್ದುವ ಅವಕಾಶವೊಂದಿದ್ದರೆ ಸಾಕು ಎಂಬ ಅರ್ಥದ ಮಾತು ಪುಸ್ತಕದ ಆರಂಭದಲ್ಲೇ ಬರುತ್ತದೆ. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ನಮ್ಮ ಕೇಸು, ಸ್ಟಿಕ್ಕು, ಗ್ಯಾಲಿಗಳ ನಡುವೆಯೂ ಒಂದು ತತ್ವಶಾಸ್ತ್ರ ಇದೆ ಎಂದು ಯಾರೂ ನಮಗೆ ಹೇಳಿರಲಿಲ್ಲ.

ಅವನ ಒಪ್ಪೋಲೆಯಲ್ಲಿ ಏನೇನಿದೆ ನೋಡಿ. 12ನೇ ವಯಸ್ಸಿಗೆ ಬಾಸ್ಟನ್ನಿನಲ್ಲಿ ಅಣ್ಣ ಜೇಮ್ಸ್‌ನ ಅಚ್ಚುಕೂಟಕ್ಕೆ ಕರಾರಿನ ಮೇಲೆ ಸೇರಿದ. ಅಣ್ಣ ಹೊಡೆಯುತ್ತಿದ್ದ. ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ ಬರೆದದ್ದಕ್ಕೆ ಅಣ್ಣನಿಗೆ ಜೈಲಾಯಿತು, ಪತ್ರಿಕೆ ನಡೆಸಕೂಡದೆಂದು ಆಜ್ಞೆಯಾಯಿತು. ಆಗ ಪತ್ರಿಕೆಗೆ ತಮ್ಮನ ಹೆಸರು ಹಾಕುವುದಕ್ಕಾಗಿ ಹಳೆಯ ಕರಾರು ರದ್ದಾಯಿತೆಂದು ಜನರಿಗೆ ತೋರಿಸಿ, ಒಳಗಿಂದೊಳಗೆ ಇನ್ನೊಂದು ಗುಟ್ಟಿನ ಕರಾರು ಬರೆಸಿಕೊಂಡರು. ಆ ಗುಟ್ಟಿನ ಕಾಗದವನ್ನು ಅಣ್ಣ ನಾಲ್ಕು ಜನರ ಮುಂದೆ ತೆಗೆಯಲಾರ ಎಂದು ಲೆಕ್ಕ ಹಾಕಿಯೇ 1723ರಲ್ಲಿ, 17ನೇ ವಯಸ್ಸಿನಲ್ಲಿ, ಹುಡುಗ ಓಡಿಹೋದ. ಹೊಡೆತ ತಿಂದು ಓಡಿದವನನ್ನು ಯಾರೂ ಬೈಯುವುದಿಲ್ಲ. ಆದರೂ ಅವನು ಅದನ್ನು ತನ್ನ ಮೊದಲ ತಪ್ಪುಗಳಲ್ಲಿ ಬರೆದುಕೊಂಡ. ಓಡಿದ್ದಕ್ಕಿಂತ ಅಣ್ಣನ ಕೈ ಕಟ್ಟಿಹೋಗಿದ್ದ ಹೊತ್ತನ್ನು ಬಳಸಿಕೊಂಡದ್ದು ಅವನನ್ನು ಚುಚ್ಚಿತು.

ಆಮೇಲೆ ವೆರ್ನನ್ ಎಂಬವನ ಪರವಾಗಿ ವಸೂಲು ಮಾಡಿದ ಸುಮಾರು 35 ಪೌಂಡಿಗೆ ಕೈ ಹಾಕಿದ್ದು. ಲಂಡನ್ನಿಗೆ ಹೋದವನು ಮಾತು ಕೊಟ್ಟು ಬಂದಿದ್ದ ಡೆಬೊರಾ ರೀಡ್‌ಳಿಗೆ ಒಂದೇ ಒಂದು ಕಾಗದ ಬರೆದು ಸುಮ್ಮನಾದದ್ದು. ಗೆಳೆಯ ರಾಲ್ಫ್ ಊರಲ್ಲಿಲ್ಲದಾಗ ಅವನ ಜೊತೆಗಾತಿಯ ಮೇಲೆ ಕಣ್ಣು ಹಾಕಿದ್ದು. ಇಷ್ಟನ್ನೂ ಮಗನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ, ಸಣ್ಣ ಮಾತಲ್ಲ.

ಅವು ಮುಂದೆ ಏನಾದವೆಂದೂ ಅವನೇ ಹೇಳುತ್ತಾನೆ. ವೆರ್ನನ್ನನ ದುಡ್ಡು ಬಡ್ಡಿ ಸಮೇತ ತೀರಿತು. ಡೆಬೊರಾ ಅಷ್ಟರಲ್ಲಿ ಇನ್ನೊಬ್ಬನನ್ನು ಕಟ್ಟಿಕೊಂಡು, ಅವನು ಪರಾರಿಯಾಗಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಕೂತಿದ್ದಳು. 1730ರಲ್ಲಿ ಫ್ರಾಂಕ್ಲಿನ್ ಅವಳ ಕೈ ಹಿಡಿದ. ಜೇಮ್ಸ್ ಸತ್ತ ಮೇಲೆ ಅವನ ಮಗನನ್ನು ಕರೆತಂದು, ಓದಿಸಿ, ಕಸುಬು ಕಲಿಸಿದ. ರಾಲ್ಫನ ವಿಷಯದಲ್ಲಿ ಗೆಳೆತನವೂ ಹೋಯಿತು, ಅವನಿಗೆ ಕೊಟ್ಟ ಸಾಲವೂ ಹೋಯಿತು. ಅದೊಂದು ಸಾಲು ತಿದ್ದದೇ ಉಳಿಯಿತು.

ಮೂರನೇ ಸಲ ಓದುವಾಗ ನನಗೆ ಹೊಳೆದದ್ದು ಇದು. ಒಪ್ಪೋಲೆಗೆ ಬಂದ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕ ಚುಕ್ತಾ ಮಾಡಬಹುದಾದ ತಪ್ಪುಗಳು. ಎಡಗಡೆ ತಪ್ಪು, ಬಲಗಡೆ ಒಪ್ಪು. ಬಲಗಡೆ ಬರೆಯಲು ಏನೂ ಇಲ್ಲದ ತಪ್ಪನ್ನು ಆ ಪಟ್ಟಿಯಲ್ಲಿ ಎಲ್ಲಿ ಹಾಕುವುದು?

ನನ್ನದೊಂದು ಅನುಭವ ಹೇಳುತ್ತೇನೆ. ಒಂದು ಅಚ್ಚುಕೂಟದಲ್ಲಿದ್ದಾಗ ಪುರಾಣದ ಪುಸ್ತಕವೊಂದಕ್ಕೆ ಮೊಳೆ ಜೋಡಿಸಿದ್ದೆ. ತಪ್ಪು ಬಹಳ ಉಳಿದವು, ಯಜಮಾನರು ಒಂದು ಹಾಳೆಯ ಒಪ್ಪೋಲೆ ಹಾಕಿಸಿದರು. ಅದನ್ನು ಜೋಡಿಸಿದವನೂ ನಾನೇ, ನೋಡಿದವನೂ ನಾನೇ. ಒಪ್ಪೋಲೆಯಲ್ಲಿ ಮೂರು ತಪ್ಪು! ಅದಕ್ಕಿಂತ ನಾಚಿಕೆಯ ಸಂಗತಿ, ಮೂಲದ ಎರಡು ಶ್ಲೋಕ ಪೂರ್ತಿ ಬಿಟ್ಟುಹೋಗಿದ್ದದ್ದು ಅದರಲ್ಲಿ ಇರಲೇ ಇಲ್ಲ. ಅಕ್ಷರ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ಸಾಲೇ ಇಲ್ಲದಿದ್ದರೆ ಹಿಂದಿನದೂ ಮುಂದಿನದೂ ಕೂಡಿಕೊಂಡು ಸರಾಗ ಓದಿಸಿಕೊಂಡು ಹೋಗುತ್ತದೆ. ಅದಕ್ಕೇ ಹಳೆಯ ಅಚ್ಚುಕೂಟಗಳಲ್ಲಿ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದರು. ಒಬ್ಬ ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಪ್ರೂಫಿನ ಮೇಲೆ ಬೆರಳಿಟ್ಟು ನೋಡುವುದು.

ಆತ್ಮಕಥೆ ಓದುವಾಗ ಗಟ್ಟಿಯಾಗಿ ಓದುವ ಆ ಇನ್ನೊಬ್ಬ ಬೇಕು. ಫ್ರಾಂಕ್ಲಿನ್ ವಿಷಯದಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ: ಅವನ ಕಾಗದಗಳು, ಅವನ ಪತ್ರಿಕೆಯ ಹಳೆಯ ಸಂಚಿಕೆಗಳು, 1778ರಲ್ಲಿ ಪಾಸ್ಸಿಯ ಅದೇ ಮನೆಯಲ್ಲಿದ್ದ ಸಹ ರಾಯಭಾರಿ ಜಾನ್ ಆಡಮ್ಸ್‌ನ ಬರಹ. ಆಡಮ್ಸ್ ಹೇಳುವ ಫ್ರಾಂಕ್ಲಿನ್ ತಡವಾಗಿ ತಿಂಡಿಗೆ ಕೂರುವವನು, ಬಂದವರ ಜೊತೆ ಹೊತ್ತು ಕಳೆಯುವವನು, ಊಟಕ್ಕೆ ಕರೆದ ಮನೆಗಳಿಗೆಲ್ಲ ಹೋಗುವವನು. ಆಡಮ್ಸ್‌ಗೆ ಒಳಗೊಳಗೇ ಹೊಟ್ಟೆಯುರಿಯೂ ಇತ್ತು, ಅವನ ಮಾತನ್ನೂ ಅಳೆದು ತೂಗಿಯೇ ತೆಗೆದುಕೊಳ್ಳಬೇಕು. ಆದರೆ ಫ್ರಾಂಕ್ಲಿನ್ನೇ 1780ರಲ್ಲಿ ಗೌಟು ಎಂಬ ಕಾಲಿನ ಕೀಲುನೋವು ತನ್ನನ್ನು ಬೈಯುವಂತೆ ಒಂದು ಸಂಭಾಷಣೆ ಬರೆದ: ಹೊಟ್ಟೆಬಾಕ, ಊಟವಾದ ಮೇಲೆ ಓಡಾಡುವುದು ಬಿಟ್ಟು ಚೆಸ್ ಹಲಗೆಯ ಮುಂದೆ ಕೂರುತ್ತೀಯೆ ಎಂದು ಗೌಟು ಅವನಿಗೆ ಬುದ್ಧಿ ಹೇಳುತ್ತದೆ. ನಿಮ್ಮ ಚಾರ್ಟಿನ ಮೊದಲ ಸಾಲು ಮಿತಾಹಾರ ಅಲ್ಲವೇ?

ಇವೆಲ್ಲ ನಗುವ ವಿಷಯ. ನಗಲಾಗದ್ದು ಬೇರೆ ಇದೆ.

ಅಣ್ಣನ ಹತ್ತಿರದಿಂದ ಓಡಿಬಂದ ಈ ಹುಡುಗ 1729ರಲ್ಲಿ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯ ಒಡೆಯನಾದ. ಆ ಪತ್ರಿಕೆಯಲ್ಲಿ ಗುಲಾಮರು ಮಾರಾಟಕ್ಕಿದ್ದಾರೆ ಎಂಬ ಜಾಹೀರಾತು ಬರುತ್ತಿತ್ತು. ಓಡಿಹೋದ ಗುಲಾಮರನ್ನು, ಓಡಿಹೋದ ಕರಾರಿನ ಆಳುಗಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಜಾಹೀರಾತೂ ಬರುತ್ತಿತ್ತು. ಅವನ ಮನೆಯಲ್ಲೇ ಗುಲಾಮರಿದ್ದರು. 1757ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಪೀಟರ್, ಕಿಂಗ್ ಎಂಬ ಇಬ್ಬರನ್ನು ಜೊತೆಗೆ ಕರೆದೊಯ್ದ, ಅವರಲ್ಲಿ ಕಿಂಗ್ ಅಲ್ಲಿಂದ ಓಡಿಹೋದ. ಮೊಳೆ ಜೋಡಿಸಿದವನಾಗಿ ನಾನು ಆ ಜಾಹೀರಾತುಗಳನ್ನು ಕಣ್ಣ ಮುಂದೆ ತಂದುಕೊಳ್ಳಬಲ್ಲೆ. ಒಂದೊಂದು ಅಕ್ಷರವನ್ನೂ ಕೈಯಿಂದ ಎತ್ತಿ ಇಡಬೇಕು. ವಯಸ್ಸು ಇಷ್ಟು, ತೊಟ್ಟ ಬಟ್ಟೆ ಇಂಥದ್ದು. ತಾನೂ ಒಮ್ಮೆ ಹೀಗೆ ಓಡಿಬಂದವನು ಎಂಬುದು ಆ ಹೊತ್ತಿಗೆ ನೆನಪಾಗುತ್ತಿತ್ತೋ ಇಲ್ಲವೋ. ಆತ್ಮಕಥೆಯ ಒಪ್ಪೋಲೆಯಲ್ಲಿ ಈ ಸಾಲು ಇಲ್ಲ.

ಆದರೆ ಬದುಕಿನಲ್ಲಿ ಇದೆ. 1787ರಲ್ಲಿ, 81 ವರ್ಷದವನಾಗಿ, ಗುಲಾಮಗಿರಿ ತೊಲಗಿಸಲು ದುಡಿಯುತ್ತಿದ್ದ ಪೆನ್ಸಿಲ್ವೇನಿಯದ ಸಂಘಕ್ಕೆ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ, ಸಾಯಲು ಎರಡು ತಿಂಗಳಿರುವಾಗ, ಅಮೆರಿಕದ ಕಾಂಗ್ರೆಸ್ಸಿಗೆ ಆ ಸಂಘದ ಮನವಿ ಹೋದದ್ದು ಅವನ ಸಹಿಯೊಂದಿಗೆ. ಆ ಹುಡುಗಿಯ ಪ್ರಶ್ನೆಗೆ ನನ್ನ ಅರ್ಧ ಉತ್ತರ ಇಲ್ಲಿದೆ. ಗೌರವ ಕಡಿಮೆಯಾಗುವುದಿಲ್ಲಮ್ಮಾ, ಜಾಗ ಬದಲಾಯಿಸುತ್ತದೆ. ಕೈಗಾಡಿ ತಳ್ಳಿದ ಯುವಕನ ಮೇಲಿದ್ದದ್ದು ನಡುಗುವ ಕೈಯಿಂದ ಸಹಿ ಹಾಕಿದ ಮುದುಕನ ಮೇಲೆ ಹೋಗಿ ಕೂರುತ್ತದೆ.

ಕೈಗಾಡಿ ಎಂದೆನಲ್ಲ, ವಿಡಿಯೊದಲ್ಲಿ ಅದನ್ನೂ ತೋರಿಸಿರುತ್ತಾರೆ. ಕೊಂಡ ಕಾಗದದ ಹೊರೆಯನ್ನು ಒಂಟಿಗಾಲಿಯ ಗಾಡಿಯಲ್ಲಿಟ್ಟು ಬೀದಿಯಲ್ಲಿ ತಾನೇ ತಳ್ಳಿಕೊಂಡು ಬರುತ್ತಿದ್ದ ಎಂದು. ನಿಜ. ಆದರೆ ದುಡಿಮೆಗಾರನಾಗಿರುವುದಷ್ಟೇ ಸಾಲದು, ಹಾಗೆ ಕಾಣುವುದಕ್ಕೂ ಕಾಳಜಿ ವಹಿಸುತ್ತಿದ್ದೆ ಎಂದು ಅವನೇ ಆ ಜಾಗದಲ್ಲಿ ಹೇಳುತ್ತಾನೆ. ಸಾಲ ಕೊಟ್ಟವರು ನೋಡಲಿ ಎಂದೇ ತಳ್ಳಿದ ಗಾಡಿ ಅದು! ಇದನ್ನು ಬಚ್ಚಿಡದೆ ಹೇಳಿದ್ದು ನನಗೆ ಗಾಡಿ ತಳ್ಳಿದ್ದಕ್ಕಿಂತ ಇಷ್ಟ. ವಿನಯದ ವಿಷಯದಲ್ಲೂ ಹೀಗೆ. ಅವನ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು 12 ಗುಣ. ನಿನಗೆ ಅಹಂಕಾರ ಜಾಸ್ತಿ ಎಂದು ಜನ ಅನ್ನುತ್ತಾರೆ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಹೇಳಿದ ಮೇಲೆ 13ನೆಯದಾಗಿ ವಿನಯ ಸೇರಿತು. ಅದರ ತಿರುಳು ಕೈಗೆ ಸಿಕ್ಕಿತೆಂದು ಹೇಳಿಕೊಳ್ಳಲಾರೆ, ತೋರಿಕೆ ಮಾತ್ರ ಚೆನ್ನಾಗಿಯೇ ಬಂತು ಎಂದು ಒಪ್ಪಿಕೊಳ್ಳುತ್ತಾನೆ. ತೋರಿಕೆ ಎಂದರೆ ಏನು? ‘ಖಂಡಿತ’, ‘ನಿಸ್ಸಂದೇಹವಾಗಿ’ ಎಂಬಂಥ ಮಾತು ಬಿಟ್ಟು ‘ನನಗೆ ತೋರುವಂತೆ’ ಎಂಬ ಧಾಟಿ ಹಿಡಿದದ್ದು. ಎದುರಿನವನು ತಪ್ಪು ಹೇಳಿದರೆ ಥಟ್ಟನೆ ಅಲ್ಲ ಎನ್ನದಿರುವುದು. ಅದರಿಂದಲೇ ಸಭೆಗಳಲ್ಲಿ ಅವನ ಮಾತಿಗೆ ತೂಕ ಬಂತಂತೆ. ನಮ್ಮ ಮನೆಯ ಹಿರಿಯರು ‘ನಟಿಸ್ತಾ ನಟಿಸ್ತಾ ರೂಢಿಯಾಗಲಿ ಬಿಡು’ ಎನ್ನುತ್ತಿದ್ದರು. ಅವರು ಫ್ರಾಂಕ್ಲಿನ್‌ನನ್ನು ಓದಿದವರಲ್ಲ.

ಇನ್ನು ಒಂಬತ್ತನೇ ಸಾಲು. ನಿಮ್ಮ ಚಾರ್ಟಿನಲ್ಲಿ ‘ಸಂಯಮ’ ಎಂದಷ್ಟೇ ಇದೆ. ಫ್ರಾಂಕ್ಲಿನ್ ಅದಕ್ಕೆ ಕೊಟ್ಟ ವಿವರಣೆಯನ್ನು ನೀವು ಬರೆದಿಲ್ಲ: ಅತಿಗೆ ಹೋಗಬಾರದು, ಯಾರಾದರೂ ನೋಯಿಸಿದರೆ ಅವರ ಮೇಲೆ ಎಷ್ಟು ಸಿಟ್ಟು ನ್ಯಾಯ ಎನ್ನಿಸುತ್ತದೋ ಅಷ್ಟನ್ನೂ ಇಟ್ಟುಕೊಳ್ಳಬಾರದು ಎಂಬ ಅರ್ಥದ್ದು. ಅವನ ಮಗ ವಿಲಿಯಂ, ಆ ಮೊದಲ ಭಾಗದ ಕಾಗದ ಯಾರಿಗೆ ಬರೆದದ್ದೋ ಅವನು, 1771ರಲ್ಲಿ ಇಂಗ್ಲೆಂಡಿನ ದೊರೆಯ ಪರವಾಗಿ ನ್ಯೂಜೆರ್ಸಿಯ ಗವರ್ನರ್ ಆಗಿದ್ದ. ಮದುವೆಯಾಚೆ ಹುಟ್ಟಿದ ಮಗ; ತಾಯಿ ಯಾರೆಂದು ಪುಸ್ತಕ ಹೇಳುವುದಿಲ್ಲ. ಅಪ್ಪ ಅಮೆರಿಕದ ಕ್ರಾಂತಿಯ ಕಡೆ ಹೋದ, ಮಗ ದೊರೆಯ ಕಡೆ ನಿಂತ. 1776ರಲ್ಲಿ ಮಗನ ಬಂಧನವಾಯಿತು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಿಂದ ಮಗ ರಾಜಿಯ ಕಾಗದ ಬರೆದ. 1784ರ ಆಗಸ್ಟಿನಲ್ಲಿ ಪಾಸ್ಸಿಯಿಂದ ಅಪ್ಪ ಕೊಟ್ಟ ಉತ್ತರದಲ್ಲಿ, ಮುಪ್ಪಿನಲ್ಲಿ ಒಬ್ಬನೇ ಮಗ ಕೈಬಿಟ್ಟು ಎದುರಿಗೇ ನಿಂತದ್ದಕ್ಕಿಂತ ಹೆಚ್ಚಾಗಿ ತನ್ನನ್ನು ಯಾವುದೂ ನೋಯಿಸಲಿಲ್ಲ ಎಂಬ ಮಾತಿದೆ. ಮರುವರ್ಷ ಸೌತಾಂಪ್ಟನ್ನಿನಲ್ಲಿ ಒಮ್ಮೆ ಭೇಟಿಯಾದರು. ಹೆಚ್ಚಾಗಿ ಆಸ್ತಿಯ ಕಾಗದಪತ್ರದ ಭೇಟಿ. ಆಮೇಲೆ ಮುಖ ನೋಡಲಿಲ್ಲ. ಉಯಿಲಿನಲ್ಲಿ ಮಗನಿಗೆ ಹೆಚ್ಚೇನೂ ಇಲ್ಲ, ಯುದ್ಧದಲ್ಲಿ ಅವನು ನಡೆದುಕೊಂಡ ರೀತಿಯೇ ಅದಕ್ಕೆ ಕಾರಣ ಎಂದು ಬರೆದೂ ಇಟ್ಟ.

1784, ಪಾಸ್ಸಿ. ನಿಮ್ಮ ಚಾರ್ಟಿನ ಊರೂ ಅದೇ, ವರ್ಷವೂ ಅದೇ. ನೋಯಿಸಿದವರ ಮೇಲಿನ ಸಿಟ್ಟು ಬಿಡಬೇಕೆಂಬ ಸಾಲನ್ನು ಬರೆದಿಟ್ಟ ಕೈ, ಮಗನಿಗೆ ಆ ಕಾಗದ ಬರೆದ ಕೈ ಒಂದೇ. ಎರಡನೇ ಭಾಗದಲ್ಲಿ ‘ಮಗನೇ’ ಎಂಬ ಸಂಬೋಧನೆ ಇಲ್ಲ. ನಾನು ಇದನ್ನು ಫ್ರಾಂಕ್ಲಿನ್‌ನನ್ನು ಹಿಡಿದುಹಾಕಲು ಹೇಳುತ್ತಿಲ್ಲ. ನನಗೂ ಒಬ್ಬ ಮಗನಿದ್ದಾನೆ, ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷ ಕಳೆದವರೇ. ಆ ಪುಟ ಓದುವಾಗ ನನಗೆ ಚಾರ್ಟು ಕಾಣುವುದಿಲ್ಲ, ಗೌಟಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತ ಒಬ್ಬ ಅಪ್ಪ ಕಾಣುತ್ತಾನೆ.

ಡೆಬೊರಾ ವಿಷಯವೂ ಇಲ್ಲಿಗೇ ಸೇರಬೇಕು. 1774ರ ಡಿಸೆಂಬರಿನಲ್ಲಿ ಅವಳು ಫಿಲಡೆಲ್ಫಿಯದಲ್ಲಿ ಸತ್ತಾಗ ಗಂಡ ಲಂಡನ್ನಿನಲ್ಲಿದ್ದ. ಹತ್ತು ವರ್ಷ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಕಾಗದ ಬರೆಯದೆ ಮೊದಲು ಮಾಡಿದ್ದ ತಪ್ಪನ್ನು ಮದುವೆಯಾಗಿ ತಿದ್ದಿಕೊಂಡೆ ಎಂದಿದ್ದನಲ್ಲ, ಎರಡನೇ ಮುದ್ರಣದಲ್ಲೂ ಅದೇ ಜಾಗದಲ್ಲಿ ತಪ್ಪಿದ.

ಲೆಕ್ಕ ಚುಕ್ತಾ ಆಗದ ತಪ್ಪನ್ನು ಅವನು ಹೇಳಿಕೊಂಡೇ ಇಲ್ಲ ಎಂದರೆ ನಾನು ಸುಳ್ಳಾಗುತ್ತೇನೆ. ಮೂರನೇ ಭಾಗದಲ್ಲಿ ಕೆಲವೇ ಸಾಲು ಇವೆ. 1736ರಲ್ಲಿ ನಾಲ್ಕು ವರ್ಷದ ಮಗ, ಫ್ರಾನ್ಸಿಸ್, ಸಿಡುಬಿನಲ್ಲಿ ಹೋದ. ಸಿಡುಬಿನ ಕೀವನ್ನೇ ಚುಚ್ಚಿ ಕಾಯಿಲೆ ತಡೆಯುವ ಪದ್ಧತಿ ಆಗ ಇತ್ತು, ಫ್ರಾಂಕ್ಲಿನ್ ಅದರ ಪರ. ತನ್ನ ಮಗುವಿಗೆ ಮಾತ್ರ ಹಾಕಿಸಿರಲಿಲ್ಲ. ಐವತ್ತು ವರ್ಷ ಕಳೆದ ಮೇಲೂ ಆ ಸಂಕಟ ಆರಿಲ್ಲ ಎಂದು ಬರೆದು, ಬೇರೆ ತಂದೆತಾಯಿಗಳಿಗೆ ತಿಳಿಯಲಿ ಎಂದೇ ಹೇಳುತ್ತಿದ್ದೇನೆ ಎನ್ನುತ್ತಾನೆ. ಅಲ್ಲಿ ಎರಾಟಾ ಎಂಬ ಮಾತಿಲ್ಲ. ಅಚ್ಚುಕೂಟದ ಭಾಷೆ ಅಲ್ಲಿಗೆ ಎಟುಕಲಿಲ್ಲವೇನೋ.

ಚಾರ್ಟು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅವನೂ ಅದನ್ನು ಕಷ್ಟಪಟ್ಟೇ ಮಾಡಿದ. ವಾರಕ್ಕೊಂದು ಗುಣ, 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಚುಕ್ಕೆ ಕೆರೆದು ಕೆರೆದು ಹಾಳೆ ತೂತಾಯಿತೆಂದು ದಂತದ ಹಲಗೆಗಳ ಪುಸ್ತಕಕ್ಕೆ ಬದಲಾಯಿಸಿದ. ಕೆಂಪು ಗೆರೆ ಶಾಶ್ವತ, ಪೆನ್ಸಿಲ್ಲಿನ ಚುಕ್ಕೆಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಬಹುದು. ತನ್ನಲ್ಲಿ ಇಷ್ಟು ದೋಷ ಇದ್ದಾವೆಂದು ಎಣಿಸಿರಲಿಲ್ಲ ಎಂದು ಬೆರಗಾದ. ಮೂರನೆಯದು, ಎಲ್ಲವನ್ನೂ ಆಯಾ ಜಾಗದಲ್ಲಿಡುವ ಗುಣ, ಕೊನೆಯವರೆಗೂ ಒಲಿಯಲಿಲ್ಲ.

ಆದರೆ ನಿಮ್ಮಂಥ ಓದುವ ಮಕ್ಕಳಿಗೆ ಅದಕ್ಕಿಂತ ಉಪಯೋಗದ ಪುಟ ಒಂದಿದೆ, ಮೊದಲ ಭಾಗದಲ್ಲಿ. ವಿಡಿಯೊಗಳು ಯಾಕೋ ಅದನ್ನು ಮುಟ್ಟುವುದಿಲ್ಲ. ಎರಡೇ ವರ್ಷ ಶಾಲೆಗೆ ಹೋದವನು ಬರೆಯಲು ಕಲಿತ ಬಗೆ. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಬಿಡಿ ಸಂಪುಟ ಕೈಗೆ ಸಿಕ್ಕಿತ್ತು. ಅದರ ಒಂದು ಪ್ರಬಂಧ ಓದಿ, ಪ್ರತಿ ವಾಕ್ಯದ ಭಾವಕ್ಕೂ ಒಂದು ಸಣ್ಣ ಗುರುತು ಬರೆದಿಟ್ಟು, ಕೆಲವು ದಿನ ಮರೆತು, ಆಮೇಲೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟುವುದು. ಮೂಲದ ಪಕ್ಕ ಇಟ್ಟು ತಿದ್ದುವುದು. ಪದಸಂಪತ್ತು ಸಾಲದೆನ್ನಿಸಿದಾಗ ಕಥೆಯನ್ನು ಪದ್ಯ ಮಾಡಿ, ಮರೆತ ಮೇಲೆ ಪದ್ಯವನ್ನು ಮತ್ತೆ ಗದ್ಯ ಮಾಡುವುದು. ಗುರುತಿನ ಚೀಟಿಗಳನ್ನು ಕಲಸಿಬಿಟ್ಟು ಕೆಲವು ವಾರದ ಮೇಲೆ ಸರಿಯಾದ ಅನುಕ್ರಮಕ್ಕೆ ತರುವುದು. ಇದೆಲ್ಲ ನಡೆದದ್ದು ಕೆಲಸ ಮುಗಿದ ರಾತ್ರಿ, ಕೆಲಸ ಶುರುವಾಗುವ ಮುಂಚೆ, ಮತ್ತೆ ಚರ್ಚಿಗೆ ಹೋಗಬೇಕಾಗಿದ್ದ ಭಾನುವಾರಗಳಲ್ಲಿ. ನಿಮ್ಮ ಪ್ರಬಂಧದ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ನನಗೆ ಗೊತ್ತಿಲ್ಲ, ಫೀಸಂತೂ ಇಲ್ಲ. ಇಲ್ಲಿಯೂ ಅವನು ಮಾಡಿದ್ದು ಪ್ರೂಫ್ ಕೆಲಸವೇ ನೋಡಿ: ಒಂದು ಕಡೆ ಮೂಲ, ಇನ್ನೊಂದು ಕಡೆ ತನ್ನದು.

ಅವನ ಹಸ್ತಪ್ರತಿ ಈಗ ಕ್ಯಾಲಿಫೋರ್ನಿಯದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದರಲ್ಲಿ ಬರೆದು, ಇನ್ನೊಂದನ್ನು ಮುಂದೆ ಸೇರಿಸುವುದಕ್ಕೆಂದು ಖಾಲಿ ಬಿಟ್ಟಿದ್ದಾನೆ. ಕೆಲವು ಕಡೆ ಆ ಖಾಲಿ ಜಾಗ ತುಂಬಿದೆ. ಬಹಳಷ್ಟು ಕಡೆ ಹಾಗೇ ಇದೆ.

ಮುಂದಿನ ಭಾನುವಾರ ಹತ್ತು ಗಂಟೆಗೆ ಮೇಲಕ್ಕೆ ಬರುತ್ತೇನೆ. ಮೊದಲ ಭಾಗವನ್ನು ಯಾರಾದರೂ ಗಟ್ಟಿಯಾಗಿ ಓದಿ, ನಾನು ಬೆರಳಿಟ್ಟು ಕೂರುತ್ತೇನೆ. ಮಂಡಿನೋವು, ಕುರ್ಚಿಯೊಂದನ್ನು ಮೆಟ್ಟಿಲ ಹತ್ತಿರ ಹಾಕಿಡಿ.

ಇತಿ,
ಕಿಟಕಿ ಪಕ್ಕದ ಕುರ್ಚಿಯವನು

ಮರೆತಿದ್ದೆ: ಚಾರ್ಟಿನ ಮೂರನೇ ಸಾಲಿನಲ್ಲಿ ‘ವ್ಯವಸ್ಥೆ’ ಎಂದಿರಬೇಕಾದದ್ದು ‘ವ್ಯವಸ್ತೆ’ ಎಂದಾಗಿದೆ. ಥಕಾರ ಬೇಕು. ಸ್ಕೆಚ್ ಪೆನ್ನಿನಲ್ಲಿ ತಿದ್ದಿದರೆ ಸಾಕು, ಹೊಸ ಚಾರ್ಟು ಬೇಡ.